ಚದರಡಿಗೆ ಅರವತ್ತೋ, ಹದಿನಾಲ್ಕೋ?

ಮಾರ್ಚ್ ತಿಂಗಳಲ್ಲಿ ಮಕ್ಕಳ ಪರೀಕ್ಷೆಯ ಕೊನೆಯ ಪತ್ರಿಕೆ ಮುಗಿಯುವುದನ್ನೇ ಕಾಯುತ್ತಿದ್ದಂತೆ ಅನೇಕ ಮನೆಗಳ ಮುಂದೆ ಜಲ್ಲಿ, ಮರಳು ಬಂದು ಬೀಳುತ್ತವೆ. ಬೇಸಿಗೆ ರಜೆಯೊಳಗೆ ಮಗಳಿಗೆ ಓದಲು ಮಹಡಿಯ ಮೇಲೊಂದು ಕೋಣೆ ಏಳಬೇಕು, ಸೋರುವ ತಾರಸಿಗೆ ಮದ್ದಾಗಬೇಕು, ಗೋಡೆಗಳಿಗೆ ಬಣ್ಣ ಬಳಿಸಬೇಕು. ಮೇ ಕೊನೆಗೆ ಶಾಲೆ ತೆರೆಯುತ್ತದೆ, ಅದರ ಬೆನ್ನಿಗೇ ಮುಂಗಾರು. ಮನೆಯವರ ಈ ಅವಸರ ಮೇಸ್ತ್ರಿಗೂ ಚೆನ್ನಾಗಿ ಗೊತ್ತು. ಆದ್ದರಿಂದ ದರ ವಿಚಾರಿಸುವ ಕೆಲಸ ರಜೆ ಶುರುವಾದ ಮೇಲಲ್ಲ, ಜನವರಿಯಲ್ಲೇ ಆಗುವುದು ಲೇಸು. ಮಧ್ಯಮ ವರ್ಗದ ಮನೆಗಳಲ್ಲಿ ರಿಪೇರಿಯ ಹಣ ಮತ್ತು ಕಾಲೇಜು ಶುಲ್ಕದ ಹಣ ಒಂದೇ ಗಂಟಿನಲ್ಲಿರುತ್ತವೆ. ಗಾರೆ ಕೆಲಸಕ್ಕೆ ಹೆಚ್ಚು ಹೋದದ್ದು ಶುಲ್ಕದಿಂದಲೇ ಹೋಗಬೇಕು.

ಮೂವರನ್ನು ಕರೆದು 'ಅಡಿಗೆ ಎಷ್ಟು?' ಎಂದು ಕೇಳಿ, ಕಡಿಮೆ ಹೇಳಿದವನಿಗೆ ಮುಂಗಡ ಕೊಟ್ಟರೆ ಚೌಕಾಸಿ ಮುಗಿಯಿತು ಎಂಬುದು ಸಾಮಾನ್ಯ ನಂಬಿಕೆ. ಎಡವಟ್ಟಾಗುವುದು ಇಲ್ಲೇ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆಗೆ ಬಣ್ಣ ಬಳಿಸಬೇಕೆಂದು ಇಟ್ಟುಕೊಳ್ಳಿ. ಮೊದಲನೆಯವನು ಚದರಡಿಗೆ 60 ರೂಪಾಯಿ ಎನ್ನುತ್ತಾನೆ, ಎರಡನೆಯವನು 14 ರೂಪಾಯಿ. (ಈ ದರಗಳು ಲೆಕ್ಕದ ಅನುಕೂಲಕ್ಕೆ ಹಿಡಿದವು, ನಿಜವಾದ ದರ ಊರಿಂದೂರಿಗೆ ಬೇರೆ.) ಕೇಳಿದ ಕಿವಿಗೆ ಎರಡನೆಯವನೇ ಧರ್ಮರಾಯ. ಆದರೆ ಮೊದಲನೆಯವನ ಅಡಿ ನೆಲದ ಅಡಿ, ಎರಡನೆಯವನದು ಗೋಡೆಯ ಅಡಿ. ನೆಲ 120 ಚದರಡಿ. 60ರಂತೆ 7,200 ರೂಪಾಯಿ. ನಾಲ್ಕು ಗೋಡೆಗಳು 440 ಚದರಡಿ, ಸೂರು 120, ಒಟ್ಟು 560. 14ರಂತೆ 7,840 ರೂಪಾಯಿ. ಬಾಗಿಲಿಗೆ 21 ಚದರಡಿ, ಕಿಟಕಿಗೆ 16 ಚದರಡಿ ಕಳೆದರೂ 7,322 ಆಗುತ್ತದೆ. ಅರವತ್ತರವನೇ ಅಗ್ಗ!

ಕಥೆ ಇಷ್ಟಕ್ಕೇ ಮುಗಿಯದು. ಅದೇ ಇಬ್ಬರನ್ನು 20 ಅಡಿಗೆ 15 ಅಡಿಯ ಹಜಾರಕ್ಕೆ ಕರೆತಂದರೆ ನೆಲ 300 ಚದರಡಿ, ಗೋಡೆ ಮತ್ತು ಸೂರು ಸೇರಿ 1,000 ಚದರಡಿ. ಮೊದಲನೆಯವನ ಲೆಕ್ಕ 18,000 ರೂಪಾಯಿ, ಎರಡನೆಯವನದು 14,000. ಕೋಣೆ ಚಿಕ್ಕದಾದಷ್ಟೂ ನೆಲಕ್ಕೆ ಹೋಲಿಸಿದರೆ ಗೋಡೆ ಹೆಚ್ಚು ಎಂಬುದೇ ಇದರ ಗುಟ್ಟು. ನೆಲದಳತೆಯನ್ನು ಮೂರರಿಂದಲೋ ಮೂರೂವರೆಯಿಂದಲೋ ಗುಣಿಸಿ ಗೋಡೆಯಳತೆ ಹೇಳಿಬಿಡುವ ಬಾಯಿಲೆಕ್ಕ ಹಜಾರಕ್ಕೆ ಸರಿಹೋದೀತು, ಓದುವ ಕೋಣೆಗೆ ಸರಿಹೋಗದು. ಆಯತಘನದ ಪಾರ್ಶ್ವ ಮೇಲ್ಮೈ ವಿಸ್ತೀರ್ಣವನ್ನು ಅಂಕಕ್ಕಾಗಿ ಉರುಹೊಡೆಯುವ ಪ್ರೌಢಶಾಲೆಯ ಹುಡುಗ ಹುಡುಗಿಯರ ಕೈಗೆ ಒಂದು ಟೇಪು ಕೊಟ್ಟು ಮನೆಯ ಎಲ್ಲ ಕೋಣೆಗಳನ್ನೂ ಅಳೆಸುವುದು ಒಳ್ಳೆಯದು. ಅವರು ಬರೆದಿಟ್ಟ ಅಳತೆಯ ಹಾಳೆ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಅಳತೆಯ ಪದಗಳೂ ಊರಿಗೊಂದು. ಬೆಂಗಳೂರು, ಮೈಸೂರಿನ ಕಡೆ 'ಒಂದು ಚದರ' ಎಂದರೆ 100 ಚದರಡಿ. ಬೆಳಗಾವಿ, ಧಾರವಾಡದ ಕಡೆ ಮರಳಿನ 'ಒಂದು ಬ್ರಾಸ್' ಎಂದರೆ 100 ಘನ ಅಡಿ. ಚದರಕ್ಕೆ ಇಷ್ಟು ಎಂದಾಗ ಗೋಡೆಯ ದಪ್ಪ ಸೇರಿತೇ, ಸಜ್ಜಾ, ಮೆಟ್ಟಿಲು, ನೀರಿನ ತೊಟ್ಟಿ ಒಳಗೋ ಹೊರಗೋ ಎಂದು ಕೇಳಲೇಬೇಕು.

ಹಾಗೆಂದು ಮೇಸ್ತ್ರಿ ಹೇಳಿದ್ದೆಲ್ಲ ಮೋಸ ಎಂದುಕೊಳ್ಳುವುದೂ ತಪ್ಪು. ಗಿಲಾವಿನ ಅಳತೆಯಲ್ಲಿ ಬಾಗಿಲಿನ ಜಾಗವನ್ನು ಒಂದೇ ಮುಖಕ್ಕೆ ಕಳೆದರೆ ಮನೆಯವರು ಸಿಡಿಮಿಡಿಗೊಳ್ಳುತ್ತಾರೆ. ಭಾರತೀಯ ಮಾನಕವಾದ ಐ.ಎಸ್. 1200 ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಅರ್ಧ ಚದರ ಮೀಟರಿಗಿಂತ ಚಿಕ್ಕ ಕಿಂಡಿಗೆ ಏನನ್ನೂ ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರಿನವರೆಗಿದ್ದು, ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಗಿಲಾವು ಇದ್ದರೆ ಒಂದು ಮುಖಕ್ಕೆ ಮಾತ್ರ ಕಳೆಯಬೇಕು. ಅಂಚು ತಿದ್ದುವ ಕೆಲಸಕ್ಕೆ ಬೇರೆ ಕೂಲಿ ಇಲ್ಲದಿರುವುದಕ್ಕೆ ಇದು ಪರಿಹಾರ. ಅಂಚು, ಮೂಲೆಗಳಲ್ಲೇ ಗಾರೆಯವನ ಸಮಯ ಹೋಗುವುದು ಎಂಬುದನ್ನು ಅರ್ಧ ಗಂಟೆ ನಿಂತು ನೋಡಿದವರು ಬಲ್ಲರು.

ಮೂರನೆಯವನೊಬ್ಬ ಬಂದು 'ಎಲ್ಲ ಸೇರಿ 6,500' ಎಂದನೆನ್ನಿ. ಎಲ್ಲ ಎಂದರೆ ಯಾವುದೆಲ್ಲ? ಹಳೆಯ ಬಣ್ಣ ಕೆರೆಯುವುದು, ಪುಟ್ಟಿ, ಪ್ರೈಮರ್, ಎಷ್ಟು ಕೋಟು, ಯಾವ ಬಣ್ಣ, ಕಸ ಹೊರಸಾಗಿಸುವುದು, ಏಣಿ ಸಾರುವೆ? ಕೆದಕಿದಾಗ ಬಣ್ಣದ ಡಬ್ಬಿ ಮನೆಯವರೇ ತಂದುಕೊಡಬೇಕು ಎಂಬುದು ಹೊರಬೀಳುವುದುಂಟು. ಅಂದಾಜು ಬೇರೆ, ಕೊಟೇಷನ್ ಬೇರೆ. ಅಂದಾಜು ಹಿಗ್ಗಬಹುದು, ಕೊಟೇಷನ್ನಿನಲ್ಲಿ ಕೆಲಸ, ಸಾಮಗ್ರಿ, ಅಳತೆಯ ವಿಧಾನ, ದರ, ಜಿ.ಎಸ್.ಟಿ. ಸೇರಿದೆಯೋ ಇಲ್ಲವೋ ಎಲ್ಲವೂ ಬರಹದಲ್ಲಿರಬೇಕು. ಆದ್ದರಿಂದ ಮನೆಯವರೇ ಒಂದು ಹಾಳೆಯಲ್ಲಿ ಕೆಲಸದ ಪಟ್ಟಿ ಬರೆದು, ಮೂವರಿಗೂ ಅದೇ ಹಾಳೆಯ ನಕಲು ಕೊಟ್ಟು ದರ ತುಂಬಿಸಿಕೊಳ್ಳುವುದೇ ಸರಿಯಾದ ದಾರಿ. ಆಗ ಮಾತ್ರ ಮೂರು ಮೊತ್ತಗಳನ್ನು ಹೋಲಿಸಬಹುದು.

ಇನ್ನು ಚೌಕಾಸಿ. 'ಹತ್ತು ಸಾವಿರ ಕಡಿಮೆ ಮಾಡಿ' ಎಂದು ಪಟ್ಟು ಹಿಡಿದರೆ ಮೇಸ್ತ್ರಿ ಒಪ್ಪಿಕೊಳ್ಳಬಹುದು. ಒಪ್ಪಿ, ಆ ಹತ್ತು ಸಾವಿರವನ್ನು ಸಿಮೆಂಟಿನಲ್ಲೋ ಕೋಟಿನಲ್ಲೋ ಹಿಂದಕ್ಕೆ ಪಡೆಯಬಹುದು. 'ಯಾವ ಕೆಲಸ ಬಿಟ್ಟರೆ ಎಷ್ಟು ಇಳಿಯುತ್ತದೆ?' ಎಂದು ಕೇಳುವುದೇ ಜಾಣತನ. ಕಿಟಕಿಯ ಮರ ಬದಲಾಯಿಸಬಹುದು, ಹೊರಗೋಡೆಯ ಬಣ್ಣ ಮುಂದಿನ ವರ್ಷಕ್ಕೆ ದೂಡಬಹುದು. ಕಬ್ಬಿಣ, ಸಿಮೆಂಟು, ನೀರುಣಿಸುವ ದಿನಗಳಲ್ಲಿ ಮಾತ್ರ ಚೌಕಾಸಿ ಕೂಡದು. ಮಹಡಿಯ ಭಾರವನ್ನು ಹಳೆಯ ಅಡಿಪಾಯ ತಡೆದೀತೇ ಎಂದು ಎಂಜಿನಿಯರನ್ನು ಕೇಳುವುದು, ನಗರಸಭೆಯ ಪರವಾನಗಿ ಪಡೆಯುವುದು ಇದಕ್ಕೂ ಮೊದಲಿನ ಮಾತು.

ಸಾಮಗ್ರಿ ಸಹಿತ ಗುತ್ತಿಗೆಯಲ್ಲಿ ಕಬ್ಬಿಣದ ತೂಕ ಪರೀಕ್ಷಿಸುವುದು ವಿದ್ಯಾರ್ಥಿಗಳಿಗೆ ಮೆಚ್ಚಾಗುವ ಲೆಕ್ಕ. ಸರಳಿನ ವ್ಯಾಸದ ಮಿಲಿಮೀಟರಿನ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 10 ಮಿ.ಮೀ. ಸರಳಿಗೆ 100 ಭಾಗಿಸು 162, ಅಂದರೆ ಮೀಟರಿಗೆ 0.617 ಕಿಲೋ, 12 ಮೀಟರ್ ಉದ್ದದ ಸರಳು ಸುಮಾರು 7.4 ಕಿಲೋ ತೂಗಬೇಕು. ಈ 162 ಎಲ್ಲಿಂದ ಬಂತು ಎಂದು ಕೇಳುವ ಮಕ್ಕಳಿಗೆ ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿಲೋ ಎಂದಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಬಿಡಿಸಿಯಾರು.

ಕಾಂಕ್ರೀಟಿಗೆ ನೀರುಣಿಸುವ ಮಾತು ಕೊಟೇಷನ್ನಿನಲ್ಲಿ ಬರುವುದೇ ಅಪರೂಪ. ಐ.ಎಸ್. 456ರ 2000ದ ಆವೃತ್ತಿಯ ಪ್ರಕಾರ ಕಬ್ಬಿಣ ಹಾಕಿದ ಕಾಂಕ್ರೀಟು ಎಂ-20 ದರ್ಜೆಗಿಂತ ಕೆಳಗಿರಬಾರದು. ಒಣ ಬಿಸಿ ಹವೆಯಲ್ಲಿ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಕನಿಷ್ಠ 10 ದಿನ, ಹಾರುಬೂದಿ ಮೊದಲಾದವು ಬೆರೆತ ಸಿಮೆಂಟಾದರೆ 14 ದಿನ ಅದು ಒದ್ದೆಯಾಗಿರಬೇಕು. ಏಪ್ರಿಲ್ ಬಿಸಿಲಿನಲ್ಲಿ, ನಲ್ಲಿ ವಾರಕ್ಕೊಮ್ಮೆ ಬರುವ ಊರಿನಲ್ಲಿ, ಆ ಟ್ಯಾಂಕರಿನ ದುಡ್ಡು ಯಾರದು? ಬರೆದಿಡದಿದ್ದರೆ ಇಬ್ಬರದೂ ಅಲ್ಲ, ನಾಲ್ಕನೇ ದಿನಕ್ಕೆ ತಾರಸಿ ಒಣಗುತ್ತದೆ.

ಹಣ ಕೊಡುವ ಕ್ರಮದಲ್ಲೂ ಎರಡೂ ಕಡೆಯ ಕಷ್ಟ ನೋಡಬೇಕು. ಮೇಸ್ತ್ರಿ ತನ್ನ ಆಳುಗಳಿಗೆ ವಾರದ ಬಟವಾಡೆ ಮಾಡಲೇಬೇಕು. ಆ ದಿನ ಕೈ ಬರಿದಾದರೆ ಸೋಮವಾರ ಆಳುಗಳು ಬೇರೆ ಮನೆಯಲ್ಲಿರುತ್ತಾರೆ. ಅರ್ಧಕ್ಕರ್ಧ ಮುಂಗಡ ಕೊಟ್ಟರೆ ಮೇಸ್ತ್ರಿಯೇ ಬೇರೆ ಮನೆಯಲ್ಲಿರಬಹುದು. ಗೋಡೆ ಎದ್ದಾಗ ಇಷ್ಟು, ತಾರಸಿ ಹಾಕಿದಾಗ ಇಷ್ಟು, ಗಿಲಾವು ಮುಗಿದಾಗ ಇಷ್ಟು ಎಂದು ಕಂತು ಕಟ್ಟಿ, ವಾರವಾರ ಕೊಟ್ಟದ್ದನ್ನು ಅದರಲ್ಲಿ ಕಳೆಯುತ್ತಾ ಹೋಗುವುದು ಇಬ್ಬರಿಗೂ ಹಿತ. ಹೆಚ್ಚುವರಿ ಕೆಲಸದ ದರವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. 'ಹೇಗೂ ಬಂದಿದ್ದೀರಿ, ಬಚ್ಚಲಿಗೂ ಎರಡು ಹೆಂಚು' ಎಂಬ ಸಣ್ಣ ಮಾತಿನಲ್ಲೇ ಮೊತ್ತ ಬೆಳೆಯುವುದು. ಬಾಯಿಮಾತಿನ ಕರಾರು ಕಾನೂನಿನಲ್ಲಿ ಅಸಿಂಧುವೇನಲ್ಲ, ಸಾಬೀತು ಮಾಡುವುದು ಕಷ್ಟ. ಗ್ರಾಹಕ ಕಾನೂನಿನ 'ಸೇವೆ'ಯೊಳಗೆ ಮನೆ ನಿರ್ಮಾಣ 1993ರ ತಿದ್ದುಪಡಿಯಿಂದ ಸೇರಿದೆ, 2019ರ ಹೊಸ ಕಾಯ್ದೆಯಲ್ಲೂ ಇದೆ. ಆದರೆ ರಸೀದಿ ಮತ್ತು ಸಹಿ ಮಾಡಿದ ಹಾಳೆ ಇದ್ದರಷ್ಟೇ ದೂರಿಗೆ ಬಲ.

ತಾರಸಿ ರಿಪೇರಿಯ ಕೊನೆಯ ಕಂತಿಗೆ ಒಂದು ಸುಲಭ ಪರೀಕ್ಷೆಯಿದೆ, ಕರಾರಿನಲ್ಲೇ ಬರೆಸಿಕೊಳ್ಳಬಹುದು. ಮಳೆನೀರಿನ ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ತಾರಸಿಯಲ್ಲಿ ಒಂದೆರಡು ಅಂಗುಲ ನೀರು ಕಟ್ಟಿ ಎರಡು ದಿನ ಬಿಡುವುದು. ಕೆಳಗಿನ ಕೋಣೆಯ ಸೂರಿನಲ್ಲಿ ತೇವದ ಕಲೆ ಮೂಡದಿದ್ದರೆ ಮೂರನೆಯ ದಿನ ಬಟ್ಟೆ ತೆಗೆದು, ಮೇಸ್ತ್ರಿಯನ್ನು ಕರೆದು, ಬಾಕಿ ಹಣ ಎಣಿಸಿ ಕೊಡುವುದು.