ಮರದ ಪಟ್ಟಿ: ಮೂಲೆ ಕೂಡಿದರೆ ಮನೆ ಚೆಂದ



ಥಾಣೆಯಿರಲಿ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯಿರಲಿ, ಹೊಸ ಫ್ಲ್ಯಾಟಿನ ಕೀಲಿ ಕೈಗೆ ಬಂದೊಡನೆ ನಾವು ಹುಡುಕುವುದು ಒಳ್ಳೆಯ ಮಿಸ್ತ್ರಿಯನ್ನು. ಪ್ಲೈವುಡ್ಡಿನ ಕಪಾಟು ಬೋಳಾಗಿ ಕಾಣುತ್ತದೆ ಎಂದರೆ ಆತ ಹೇಳುವ ಮದ್ದು ಒಂದೇ: ಪಟ್ಟಿ ಹೊಡೆಯೋಣ. ಅಂಗಡಿಯವರು ಮೋಲ್ಡಿಂಗ್, ಬೀಡಿಂಗ್ ಎನ್ನುವುದೂ ಇದನ್ನೇ.

ಪಟ್ಟಿ ಬರೀ ಅಲಂಕಾರವಲ್ಲ. ಪ್ಲೈಯ ಪದರ ಕಾಣುವ ಅಂಚನ್ನು ಮುಚ್ಚುತ್ತದೆ, ದಾರಂದಕ್ಕೂ ಗೋಡೆಗೂ ನಡುವಿನ ಸಂದನ್ನು ಮರೆಸುತ್ತದೆ, ಕಪಾಟಿನ ಗಾಜನ್ನು ಹಿಡಿದಿಡುತ್ತದೆ. ಬಾಳಿಕೆಗೆ ಸಾಗುವಾನಿ ಉತ್ತಮ. ಎಂಡಿಎಫ್ ಪಟ್ಟಿ ಅಗ್ಗ, ಬಣ್ಣ ಹಚ್ಚಲು ನುಣುಪು. ಆದರೆ ನೀರು ತಾಗಿದರೆ ಉಬ್ಬುತ್ತದೆ, ಸಿಂಕಿನ ಬಳಿ ಬೇಡ.

ಪಟ್ಟಿಯ ದರ ರನ್ನಿಂಗ್ ಫೂಟಿನ ಲೆಕ್ಕದಲ್ಲಿ. ಕಪಾಟಿನ ಬಾಗಿಲು 6 ಅಡಿ ಎತ್ತರ, ಒಂದೂವರೆ ಅಡಿ ಅಗಲ ಎನ್ನೋಣ. ಸುತ್ತ 3 ಇಂಚು ಬಿಟ್ಟು ಪಟ್ಟಿಯ ಚೌಕಟ್ಟು ಕೂರಿಸಿದರೆ ಐದೂವರೆ ಅಡಿಯ ಎರಡು, 1 ಅಡಿಯ ಎರಡು ತುಂಡು, ಒಟ್ಟು 13 ಅಡಿ. ಅಷ್ಟನ್ನೇ ತಂದರೆ ಸಾಲದು, ಕೊಯ್ಯುವಾಗ ನಷ್ಟವಿದೆ. 8 ಅಡಿಯ ಎರಡು ಪಟ್ಟಿ ತನ್ನಿ. ಪ್ರತಿಯೊಂದರಲ್ಲೂ ಒಂದು ಉದ್ದದ, ಒಂದು ಅಡ್ಡದ ತುಂಡು ಬರುತ್ತದೆ. ನಡುವೆ ತೇಪೆ ಬೇಕಾಗುವುದಿಲ್ಲ.

ಕಷ್ಟವಿರುವುದು ಮೂಲೆಯಲ್ಲಿ. ಎರಡು ತುದಿಗಳನ್ನೂ 45 ಡಿಗ್ರಿ ಓರೆಯಾಗಿ ಕೊಯ್ದು ಕೂಡಿಸಬೇಕು. ಅಂಟು ಹಚ್ಚುವ ಮೊದಲು ನಾಲ್ಕೂ ತುಂಡುಗಳನ್ನು ಹಾಗೇ ಜೋಡಿಸಿ ನೋಡಿ.

ಇದನ್ನು ನಾನು ಕಲಿತದ್ದು ನಷ್ಟಪಟ್ಟು. ಊರಿನಲ್ಲಿ ಅಜ್ಜಿಯ ಮನೆ ಕೆಡವಿದಾಗ ಬಾಗಿಲಿನ ಕೆತ್ತನೆಯ ಹಲಸಿನ ಪಟ್ಟಿ ಮೂರು ತುಂಡು ತಂದಿದ್ದೆ. ಡೊಂಬಿವಲಿಯ ನಮ್ಮ ದೇವರಕೋಣೆಗೆ ಅದೇ ಇರಲೆಂದು ಆಸೆ. ಗೃಹಪ್ರವೇಶದ ಅವಸರದಲ್ಲಿ ಜುಲೈಯ ಜಡಿಮಳೆಯಲ್ಲೇ ಕೂರಿಸಿದೆವು. ಜನವರಿಗೆ ಎರಡೂ ಮೂಲೆ ಒಳಬದಿಯಲ್ಲಿ ಬಾಯಿಬಿಟ್ಟವು. ಮರ ಹಿಗ್ಗಿ ಕುಗ್ಗುವುದು ಹೆಚ್ಚಾಗಿ ಅಗಲದಲ್ಲಿ, ಉದ್ದದಲ್ಲಿ ತೀರಾ ಕಡಿಮೆ. ತೇವದಲ್ಲಿ ಸರಿಹೊಂದಿದ ಓರೆ ಒಣಗಿದಾಗ ಹೊಂದುವುದಿಲ್ಲ. ಮತ್ತೆ ಕೊಯ್ದರೆ ಉದ್ದ ಸಾಲದು. ಹೊಸ ಪಟ್ಟಿ ಉಲ್ಲಾಸನಗರದ ಬಜಾರಿನಲ್ಲಿ ಸಿಕ್ಕೀತು, ಅಜ್ಜಿಯ ಮನೆಯ ಪಟ್ಟಿ ಎಲ್ಲಿ ಸಿಗಬೇಕು?

ದಾರಿ ತೋರಿಸಿದವನು ಮತ್ತೊಬ್ಬ ವಯಸ್ಸಾದ ಮಿಸ್ತ್ರಿ. ಓರೆ ತುದಿಗಳನ್ನು ನೇರವಾಗಿ ಕೊಯ್ದು, ಖಾಲಿಯಾದ ಮೂಲೆಗೆ ಪಟ್ಟಿಯಷ್ಟೇ ಅಗಲದ ಚೌಕದ ಗಟ್ಟಿ ಕೂರಿಸಿದ. ಗಟ್ಟಿ ಒಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಭಾಗ ದಪ್ಪ ಹೆಚ್ಚು. ಅದರಿಂದ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಪಟ್ಟಿ ಉಳಿಯಿತು.

ಆದ್ದರಿಂದ ಪಟ್ಟಿಯ ಕೆಲಸ ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ. ತಂದ ಮರ ಎಂಟು ಹತ್ತು ದಿನ ಮನೆಯೊಳಗೇ ಇರಲಿ. ಮುಹೂರ್ತ ಕಾಯುವುದಿಲ್ಲ ನಿಜ, ಆದರೆ ಪಟ್ಟಿ ಕಾಯಬಲ್ಲದು.