ಭ್ರೂಣದಲ್ಲಿ ಅಂಗಾಂಶಗಳ ರಚನೆ ಮತ್ತು ಜೀವಕೋಶದೊಳಗಿನ ಪ್ರೋಟೀನುಗಳು: ಸಾರ್ವಜನಿಕರಿಗೆ ಮಾಹಿತಿ

ಗರ್ಭಧಾರಣೆಗೆ ಮುಂಚೆಯೇ ಫೋಲಿಕ್ ಆಮ್ಲದ ಮಾತ್ರೆ ಸೇವಿಸಲು ಏಕೆ ತಿಳಿಸಲಾಗುತ್ತದೆ ಎಂಬುದನ್ನು ಅರಿಯಲು, ಭ್ರೂಣದಲ್ಲಿ ಅಂಗಾಂಶಗಳು ಮಡಿಚಿಕೊಳ್ಳುವ ಬಗೆಯನ್ನು ತಿಳಿದಿರುವುದು ಸೂಕ್ತ. ಈ ಕ್ರಿಯೆಯು ಹಣ್ಣಿನ ನೊಣದಲ್ಲಿ ಸ್ಪಷ್ಟವಾಗಿ ಕಾಣಸಿಗುವುದರಿಂದ ಅದನ್ನೇ ಇಲ್ಲಿ ವಿವರಿಸಲಾಗಿದೆ.

ಮಾಗಿದ ಬಾಳೆಹಣ್ಣಿಗೆ ಮುತ್ತುವ ಈ ನೊಣದ ಮೊಟ್ಟೆಯ ಉದ್ದ ಸುಮಾರು ಅರ್ಧ ಮಿಲಿಮೀಟರ್. ಮೊಟ್ಟೆಯಿಟ್ಟ ಸುಮಾರು 3 ಗಂಟೆಗಳಲ್ಲಿ ಭ್ರೂಣದ ಹೊರಮೈಯನ್ನು ಸುಮಾರು 6,000 ಜೀವಕೋಶಗಳ ಒಂದೇ ಪದರವು ಆವರಿಸಿರುತ್ತದೆ. ಅನಂತರ ಹೊಟ್ಟೆಯ ಭಾಗದ ಸುಮಾರು 1,000 ಕೋಶಗಳು ಒಳಕ್ಕೆ ಮಡಿಚಿಕೊಳ್ಳುತ್ತವೆ. ಮುಂದೆ ಸ್ನಾಯುಗಳಾಗುವುದು ಇವುಗಳಿಂದಲೇ.

ಪ್ರತಿಯೊಂದು ಕೋಶದ ಹೊರತುದಿಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹರಡಿರುತ್ತವೆ. ಮಯೋಸಿನ್ ಎಂಬ ಮತ್ತೊಂದು ಪ್ರೋಟೀನು ಆ ಎಳೆಗಳನ್ನು ಸೆಳೆಯುತ್ತದೆ. ಎಲೆಯಡಿಕೆ ಸಂಚಿಯ ದಾರವನ್ನು ಎಳೆದಾಗ ಬಾಯಿ ಮುದುಡುವಂತೆ ಕೋಶದ ಹೊರತುದಿಯು ಕಿರಿದಾಗುತ್ತದೆ. ಆದರೆ ಕೋಶದ ಒಟ್ಟು ಗಾತ್ರ ಕಡಿಮೆಯಾಗುವುದಿಲ್ಲ. ಅಗಲದಲ್ಲಿ ಖರ್ಚಾದದ್ದು ಉದ್ದದಲ್ಲಿ ಜಮಾ ಆಗುತ್ತದೆ (ಲೆಕ್ಕಪತ್ರ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು). ಅಕ್ಕಪಕ್ಕದ ಕೋಶಗಳನ್ನು ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಬಂಧಿಸಿರುವುದರಿಂದ, ಒಂದರ ಸೆಳೆತ ಇನ್ನೊಂದಕ್ಕೆ ತಲುಪಿ ಇಡೀ ಪದರವೇ ಬಾಗುತ್ತದೆ. ಈ ಸೆಳೆತವು ಒಂದೇ ಸಮನಾಗಿರುವುದಿಲ್ಲವೆಂದು 2009ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಬಾವಿಯಿಂದ ನೀರು ಸೇದುವವರು ಹಗ್ಗವನ್ನು ಒಮ್ಮೆ ಎಳೆದು, ಜಾರದಂತೆ ಹಿಡಿದು, ಮತ್ತೆ ಎಳೆಯುವಂತೆ ಕೋಶವೂ ಹಂತಹಂತವಾಗಿ ಮುದುಡುತ್ತದೆ.

ಯಾವ ಕೋಶಗಳು ಮುದುಡಬೇಕೆಂಬುದನ್ನು ಟ್ವಿಸ್ಟ್ ಮತ್ತು ಸ್ನೇಲ್ ಎಂಬ ಪ್ರೋಟೀನುಗಳು ನಿರ್ಧರಿಸುತ್ತವೆ. ಇವೆರಡೂ ಇಲ್ಲದ ಭ್ರೂಣದಲ್ಲಿ ಮಡಿಕೆ ಮೂಡುವುದಿಲ್ಲ, ಭ್ರೂಣ ಬದುಕುವುದೂ ಇಲ್ಲ. ನೊಣದ ಭ್ರೂಣವನ್ನು ರೂಪಿಸುವ ವಂಶವಾಹಿಗಳನ್ನು ಗುರುತಿಸಿದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ ಅವರು ಎಡ್ವರ್ಡ್ ಲೂಯಿಸ್ ಅವರೊಂದಿಗೆ 1995ರ ನೊಬೆಲ್ ಪ್ರಶಸ್ತಿಗೆ ಭಾಜನರಾದರು.

ಮಾನವ ಭ್ರೂಣದಲ್ಲಿಯೂ ಮಿದುಳು ಮತ್ತು ಬೆನ್ನುಹುರಿಯಾಗಬೇಕಾದ ಕೋಶಗಳ ಪದರವು ಮಡಿಚಿಕೊಂಡು ನಾಳವಾಗುತ್ತದೆ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಈ ಮಡಿಕೆಗೂ ಆಕ್ಟಿನ್ ಮತ್ತು ಮಯೋಸಿನ್‌ಗಳ ಸೆಳೆತ ಅವಶ್ಯಕ. ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಈ ನಾಳವು ಪೂರ್ಣವಾಗಿ ಮುಚ್ಚಿಕೊಳ್ಳಬೇಕು. ತಪ್ಪಿದಲ್ಲಿ ಮಗುವಿಗೆ ಸ್ಪೈನಾ ಬೈಫಿಡಾದಂತಹ ಗಂಭೀರ ನ್ಯೂನತೆ ಉಂಟಾಗುತ್ತದೆ. ಆ ವೇಳೆಗೆ ಅನೇಕರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಆದುದರಿಂದ ಪ್ರತಿದಿನ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಮೊದಲೇ ಆರಂಭಿಸಲು ಸಲಹೆ ನೀಡಲಾಗುತ್ತದೆ. ಈ ಆಮ್ಲವು ಮಯೋಸಿನ್‌ಗೆ ನೇರವಾಗಿ ಬಲ ನೀಡುತ್ತದೆಂದು ಭಾವಿಸತಕ್ಕದ್ದಲ್ಲ. ಆದರೆ ನಾಳ ಮುಚ್ಚದಿರುವ ಪ್ರಕರಣಗಳನ್ನು ಅದು ಗಣನೀಯವಾಗಿ ತಗ್ಗಿಸುತ್ತದೆ ಎಂಬುದು 1991ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ದೃಢಪಟ್ಟಿದೆ. ಹಿಂದೆ ಇಂತಹ ಮಗುವನ್ನು ಹೆತ್ತ ತಾಯಂದಿರಿಗೆ ಹೆಚ್ಚಿನ ಪ್ರಮಾಣ ಅಗತ್ಯವಿರುವುದರಿಂದ, ಅವರು ಮುಂಚಿತವಾಗಿಯೇ ವೈದ್ಯರನ್ನು ಸಂಪರ್ಕಿಸತಕ್ಕದ್ದು.