ನಾರಿಕೇಳಪಾಕವೂ ಅಟ್ಟದ ಕಾಯಿಯೂ

ಭಾರವಿಯ ಕಾವ್ಯಕ್ಕೆ ವ್ಯಾಖ್ಯಾನವನ್ನು ರಚಿಸಹೊರಟ ಮಲ್ಲಿನಾಥನು ಆ ಕವಿಯ ಮಾತನ್ನು ತೆಂಗಿನಕಾಯಿಗೆ ಹೋಲಿಸಿದನು. ಸಿಪ್ಪೆ ಸುಲಿದು, ಕರಟವನ್ನೊಡೆದು, ಬಳಿಕವಷ್ಟೇ ರುಚಿಗೆಟುಕುವ ಇಂಥ ಕವಿತೆಗೆ ನಾರಿಕೇಳಪಾಕವೆಂದೂ, ಬಾಯಿಗಿಟ್ಟೊಡನೆ ರಸವೀಯುವುದಕ್ಕೆ ದ್ರಾಕ್ಷಾಪಾಕವೆಂದೂ ವಿದ್ವಾಂಸರಲ್ಲಿ ಹೆಸರುಗಳು ರೂಢವಾದುವು. ತಿಪಟೂರು ಸೀಮೆಯ ಹಾಲ್ಕುರಿಕೆಯಂಥ ಊರಿನ ರೈತನು ಇದನ್ನು ಕೇಳಿದರೆ ನಕ್ಕಾನು. ಅವನು ಬಲ್ಲ ಕಾಯಿ ಬೇರೆ: ಸುಲಿಯದೆ ಅಟ್ಟವೇರಿಸಿದ ಕಾಯಿಯು ಹೆಚ್ಚುಕಡಮೆ ಒಂದು ವರ್ಷ ಅಲ್ಲಿಯೇ ಕುಳಿತು, ಒಳಗಿನ ನೀರೆಲ್ಲ ಇಂಗಿದ ಮೇಲೆ, ಯಾರೂ ಕೆರೆಯದೆ ಕೊರೆಯದೆ, ತಿರುಳು ತಾನಾಗಿ ಕರಟವನ್ನು ಬಿಟ್ಟು ಉಂಡೆಕೊಬ್ಬರಿಯಾಗುತ್ತದೆ.

ಹಾಡಿನಲ್ಲಿ ರೂಪಕವು ಮಾಡುವ ಕೆಲಸವೂ ಇಂಥದೇ ಎಂದು ನನ್ನೆಣಿಕೆ. ಕಾವ್ಯವನ್ನೋದುವವನು ಹಿಂದಣ ಪುಟಕ್ಕೆ ಮರಳಬಲ್ಲನು. ಹಾಡನ್ನು ಕೇಳುವವಳಿಗೆ ಆ ಸೌಕರ್ಯವಿಲ್ಲ, ರಾಗವು ಮುಂದೆ ಸಾಗಿಬಿಡುತ್ತದೆ. ತವರನ್ನಗಲುವುದು ದುಃಖಕರವೆಂದು ನೇರವಾಗಿ ಹಾಡಿದರೆ ಮಾತು ರಾಗದೊಡನೆಯೇ ತೇಲಿಹೋಗುತ್ತದೆ; ಮಡಿಲಕ್ಕಿಯ ನಡುವೆ ತಾಯಿ ಇಟ್ಟ ಕಾಯಿಯೊಂದನ್ನು ಕಣ್ಣಮುಂದೆ ತಂದರೆ, ಆ ಕಾಯಿಯ ಭಾರ ಮಡಿಲಿಗೆ ತಿಳಿಯುತ್ತದೆ, ದುಃಖವೆಂಬ ಶಬ್ದವನ್ನೆತ್ತದೆಯೇ ದುಃಖವು ಮನಸ್ಸಿನ ಅಟ್ಟವನ್ನೇರುತ್ತದೆ. ಬೀಸುವ ಕಲ್ಲಿನ ತ್ರಿಪದಿಯ ಹೆಂಗಸರು ಇದನ್ನು ಯಾರಿಂದಲೂ ಪಾಠ ಹೇಳಿಸಿಕೊಂಡವರಲ್ಲ. ಮೂರೇ ಸಾಲಿನ ಆ ಪದವನ್ನು ಹಾಡುವಾಗ ಎರಡನೆಯ ಸಾಲನ್ನು ಮರಳಿ ಹಾಡುವ ಪದ್ಧತಿಯುಂಟಷ್ಟೆ. ಹೋಲಿಕೆಯು ಕಿವಿಗೆ ಬಿದ್ದು ನೆಲೆಗೊಳ್ಳಲು ಆ ಪುನರಾವೃತ್ತಿಯೇ ಅವಕಾಶವೀಯುತ್ತದೆ, ಮೂರನೆಯ ಸಾಲು ಬರುವ ಹೊತ್ತಿಗೆ ಕೇಳುವವರು ಅದಕ್ಕಾಗಿ ಕಾದಿರುತ್ತಾರೆ.

ಒಂಬತ್ತನೆಯ ಶತಮಾನದ ಆನಂದವರ್ಧನನು ವಾಚ್ಯವನ್ನು ಮೀರಿ ತೋರುವ ಈ ಅರ್ಥವನ್ನೇ ಧ್ವನಿಯೆಂದು ಕರೆದು ಕಾವ್ಯದ ಆತ್ಮವೆಂದು ಸ್ಥಾಪಿಸಿದನು. ಆ ತತ್ತ್ವವನ್ನು 1953ರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಕನ್ನಡಿಗರಿಗೆ ತಿಳಿಯಾಗಿ ವಿವರಿಸಿದ ತೀ.ನಂ.ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಇದೇ ತೆಂಗಿನ ಸೀಮೆಯಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಮೀಮಾಂಸಕರಾದ ಅವರು 'ಒಲುಮೆ'ಯ ಪ್ರೇಮಗೀತೆಗಳನ್ನೂ ಬರೆದವರೆಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಹೋಲಿಕೆಯಿದ್ದ ಮಾತ್ರಕ್ಕೆ ಹಾಡಿಗೆ ಬಲ ಬಂದೀತೆಂದಲ್ಲ. ಮುಖವೆಂದೊಡನೆ ಚಂದ್ರನನ್ನೂ, ಕಣ್ಣೆಂದೊಡನೆ ಕಮಲವನ್ನೂ ಕರೆತರುವ ಚಲನಚಿತ್ರಗೀತೆಗಳು ಎಷ್ಟಿಲ್ಲ! ಅವುಗಳಲ್ಲಿ ಚಂದ್ರನೂ ಕಾಣುವುದಿಲ್ಲ, ಮುಖವೂ ಕಾಣುವುದಿಲ್ಲ. ಪ್ರಾಸವೊಂದು ಕೇಳಿಸುತ್ತದೆ, ಅಷ್ಟೇ. ಹೊಸ ಹೋಲಿಕೆಗಾಗಿ ಆಕಾಶಕ್ಕೇರಬೇಕಾದುದೂ ಇಲ್ಲ, ಹಿತ್ತಿಲಿನ ಹೊಂಬಾಳೆ ಸಾಕು, ಕಂಡವರ ಕಣ್ಣು ಬೇಕು.

ಅಟ್ಟದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಮೊದಮೊದಲು ನೀರು ಕುಲುಕುತ್ತದೆ. ನೀರು ಬತ್ತಿದಂತೆ ಆ ಸದ್ದಡಗುತ್ತದೆ. ಕಡೆಗೊಂದು ದಿನ ಒಳಗಿನ ಉಂಡೆಯು ಕರಟಕ್ಕೆ ಬಡಿದು ಗಡಗಡಿಸುತ್ತದೆ. ಮದುವೆಯ ಚಪ್ಪರದಲ್ಲಿ ಹಿರಿಯರ ದನಿಗೆ ದನಿಗೂಡಿಸಿ, ಅರ್ಥವರಿಯದೆ ಸೋಬಾನೆಯನ್ನು ಕಲಿತ ಹುಡುಗಿಯೊಬ್ಬಳು, ಮೂವತ್ತು ವರುಷಗಳ ತರುವಾಯ ಮಗಳ ಮಡಿಲು ತುಂಬುವಾಗ ಅದೇ ಪದವನ್ನು ಎತ್ತಿಕೊಂಡು, ನಡುವೆ ತಡೆದು ನಿಲ್ಲುತ್ತಾಳೆ. ಉಳಿದ ಸಾಲನ್ನು ಪಕ್ಕದವರು ಹಾಡಿ ಮುಗಿಸುತ್ತಾರೆ.